ಹಳೆಯ ಕಾರಿನ ಗುಣದೋಷ ವಿಚಾರ

ನಮ್ಮ ಕೋಲಾರದ ಸೀಮೆಯ ರೈತನು ಆವನಿಯ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವಾಗ ಮೊದಲು ಹಲ್ಲನ್ನು ನೋಡುವನು. ಬಳಿಕ ಸುಳಿಯನ್ನೂ ಗೊರಸನ್ನೂ ನಡಿಗೆಯನ್ನೂ ನೋಡುವನು. ಮಾರುವವನ ಮಾತಿಗಿಂತ ತನ್ನ ಕಣ್ಣನ್ನೇ ಅವನು ಹೆಚ್ಚಾಗಿ ನಂಬುವನು. ಹಳೆಯ ಕಾರನ್ನು ಕೊಳ್ಳುವ ಗೃಹಸ್ಥನಿಗೂ ಆ ಜಾಣತನವು ಬೇಕು. ಆದರೆ ಅವನಿಗೆ ಕಣ್ಣೊಂದೇ ಸಾಲದು.

ನರಸಾಪುರದಲ್ಲಿ ಕಾರ್ಖಾನೆಗಳು ಎದ್ದಂದಿನಿಂದ ಮನೆಮನೆಯಲ್ಲಿಯೂ ವಾಹನದ ಮಾತೇ. ನನ್ನ ಅಳಿಯಂದಿರೂ ಅಲ್ಲಿಯೇ ಉದ್ಯೋಗದಲ್ಲಿದ್ದಾರೆ. ಮಗಳನ್ನೂ ನಾಲ್ಕು ವರ್ಷದ ಮೊಮ್ಮಗನನ್ನೂ ಸ್ಕೂಟರಿನ ಮೇಲೆ ಕೂರಿಸಿಕೊಂಡು, ಬೆಂಗಳೂರಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗಿಬರುವುದು ಅವರಿಗೆ ಭಯವನ್ನುಂಟುಮಾಡಿ, ಹಳೆಯ ಕಾರೊಂದನ್ನು ಕೊಳ್ಳಲು ನಿಶ್ಚಯಿಸಿದರು. ಎರಡು ಕಾರುಗಳು ನೋಡಲು ಸಿಕ್ಕಿದುವು. ಒಂದು 2016ನೆಯ ಇಸವಿಯದು, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು 2020ನೆಯದು, ಅದರ ಬಾಗಿಲು ತಗ್ಗಾಗಿತ್ತು, ಬೆಲೆಯೂ ಎಪ್ಪತ್ತು ಸಾವಿರ ರೂಪಾಯಿ ಹೆಚ್ಚು.

“ಮಾವನವರೇ, ಮೊದಲನೆಯದೇ ಲೇಸಲ್ಲವೆ?” ಎಂದು ಕೇಳಿದರು.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಬಣ್ಣದ ಹೊಳಪು ಪ್ರತ್ಯಕ್ಷಕ್ಕೆ ಗೋಚರವಾದುದು. ಟೈರು ಒಂದೇ ಪಕ್ಕದಲ್ಲಿ ಸವೆದಿದ್ದರೆ ಚಕ್ರಗಳ ಹೊಂದಿಕೆ ತಪ್ಪಿರಬಹುದೆಂದೂ, ಬಾನೆಟ್ಟಿನ ಒಳಗೆ ಹೊಸ ಬೆಸುಗೆ ಕಂಡರೆ ಹಿಂದೆ ಅಪಘಾತವಾಗಿರಬಹುದೆಂದೂ ಅನುಮಾನದಿಂದ ತಿಳಿಯಬಹುದು. ಆದರೆ ಡಿಕ್ಕಿಯಾದ ಕ್ಷಣದಲ್ಲಿ ಕಾರು ಒಳಗಿನವರನ್ನು ಕಾಪಾಡುವುದೋ ಇಲ್ಲವೋ ಎಂಬುದನ್ನು, ಡಿಕ್ಕಿ ಹೊಡೆಯಿಸಿ ನೋಡಿದವರ ಮಾತಿನಿಂದಲೇ ತಿಳಿಯಬೇಕಾಗಿದೆ. ಇದೇ ಆಪ್ತವಾಕ್ಯ.

ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ಭಾರತದ ಐದು ಸಣ್ಣ ಕಾರುಗಳನ್ನು ಹೀಗೆ ಪರೀಕ್ಷಿಸಿ, 2014ರ ಜನವರಿಯಲ್ಲಿ ಫಲವನ್ನು ಪ್ರಕಟಿಸಿದರು. ದೊಡ್ಡವರ ರಕ್ಷಣೆಯ ವಿಷಯದಲ್ಲಿ ಒಂದಕ್ಕೂ ಒಂದು ನಕ್ಷತ್ರವೂ ದೊರೆಯಲಿಲ್ಲ. ಅವುಗಳಲ್ಲೊಂದಾದ ಫೋಕ್ಸ್‌ವ್ಯಾಗನ್ ಪೋಲೋ, ಎರಡು ಏರ್‌ಬ್ಯಾಗುಗಳನ್ನಿಟ್ಟು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರಗಳನ್ನು ಪಡೆಯಿತು. ಹೆಸರು ಒಂದೇ, ಗುಣ ಬೇರೆ! ಆದುದರಿಂದ ಹೆಸರನ್ನು ಕೇಳಿದರೆ ಸಾಲದು. ಯಾವ ವರ್ಷದ್ದು, ಯಾವ ದರ್ಜೆಯದು ಎಂಬುದನ್ನೂ ವಿಚಾರಿಸಬೇಕು. ಚಾಲಕನ ಏರ್‌ಬ್ಯಾಗು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು 2019ರ ಜುಲೈಯಿಂದ. 2022ರಲ್ಲಿ ಆ ಸಂಸ್ಥೆಯ ಪರೀಕ್ಷೆಯು ಇನ್ನೂ ಬಿಗಿಯಾಯಿತು; ಹಳೆಯ ನಕ್ಷತ್ರವೂ ಹೊಸ ನಕ್ಷತ್ರವೂ ಸಮತೂಕದವಲ್ಲ. 2023ರ ಅಕ್ಟೋಬರಿನಿಂದ ನಮ್ಮ ಸರ್ಕಾರದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯೂ ನಡೆಯುತ್ತಿದೆ.

ಹೊಳೆಯುವ ಆ ಕಾರಿನಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಮಗಳು ಮಗುವನ್ನು ನೋಡಿದಳು, ಮಾತಾಡಲಿಲ್ಲ. ಎಪ್ಪತ್ತು ಸಾವಿರದ ವಾದ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಚಾರವುಂಟು. ತಯಾರಿಕೆಯಲ್ಲಿ ದೋಷವು ಕಂಡುಬಂದಾಗ ಕಂಪನಿಯವರು ಕಾರುಗಳನ್ನು ಹಿಂದಕ್ಕೆ ಕರೆಯಿಸಿ, ಹಣ ಪಡೆಯದೆ ಸರಿಪಡಿಸಿಕೊಡುವರು. ಇದಕ್ಕೆ ‘ರೀಕಾಲ್’ ಎಂದು ಹೆಸರು. ಜಪಾನಿನ ತಕಾಟಾ ಸಂಸ್ಥೆಯ ಏರ್‌ಬ್ಯಾಗುಗಳಲ್ಲಿದ್ದ ರಾಸಾಯನಿಕವು ವರ್ಷಗಟ್ಟಲೆ ಸೆಕೆ ತೇವಗಳಿಗೆ ಸಿಕ್ಕಿ ಕೆಡಲಾಗಿ, ಕಾಪಾಡಬೇಕಾದ ಚೀಲವೇ ಲೋಹದ ಚೂರುಗಳನ್ನು ಎರಚಿ ಜನರನ್ನು ಕೊಂದಿತು. ಲೋಕದಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಇಂಥ ಆಜ್ಞೆಯನ್ನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದರೆ ಕಂಪನಿಯ ಕಾಗದವು ಮೊದಲ ಒಡೆಯನ ವಿಳಾಸಕ್ಕೆ ಹೋಗಿ, ಕೊಂಡವನಿಗೆ ಸುದ್ದಿಯೇ ಮುಟ್ಟದಿರಬಹುದು.

ಮಾರುವವರು ಸಜ್ಜನರು, “ಯಾವ ಕಾಗದವೂ ಬಂದಿಲ್ಲ” ಎಂದರು. ಅದು ನಿಜವೂ ಆಗಿತ್ತು, ಏಕೆಂದರೆ ಅವರು ಎರಡನೆಯ ಒಡೆಯರು. ಅಳಿಯಂದಿರು ಛಾಸಿ ಸಂಖ್ಯೆಯನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ತೋರಿಸಲು, ಪೆಟ್ರೋಲು ಪಂಪನ್ನು ಬದಲಾಯಿಸುವ ಕರೆಯೊಂದು ಬಾಕಿಯಿರುವುದು ತಿಳಿಯಿತು. ಪಂಪು ಕೆಟ್ಟರೆ ಕಾರು ಓಡುತ್ತಿರುವಾಗಲೇ ನಿಂತುಬಿಡುವುದು. ಹಿಂದೆ ಲಾರಿಯಿದ್ದರೆ ಗತಿಯೇನು? ಹೊಸ ಪಂಪನ್ನು ಹಾಕಿಸಿದ ಬಳಿಕವೇ ಹಣವನ್ನು ಕೊಟ್ಟರು. ಕಾಸಿನ ಖರ್ಚಾಗಲಿಲ್ಲ, ಒಂದು ಮಧ್ಯಾಹ್ನ ಕಳೆಯಿತು, ಅಷ್ಟೆ.

ಗೃಹಸ್ಥರು ಮುಂಗಡವನ್ನು ಕೊಡುವುದಕ್ಕೆ ಮುಂಚೆ ನೋಂದಣಿ ಪತ್ರದಲ್ಲಿರುವ ಛಾಸಿ ಸಂಖ್ಯೆಯನ್ನು ಬರೆದುಕೊಂಡು ಹೀಗೆ ವಿಚಾರಿಸಲಿ. ಅಪಘಾತದಲ್ಲಿ ಮೈಮುರಿದು ಬೆಸೆದ ಕಾರಿಗೆ ಹೊಸದರ ನಕ್ಷತ್ರವನ್ನು ಆರೋಪಿಸದಿರಲಿ. ಎಷ್ಟು ನಕ್ಷತ್ರಗಳಿದ್ದರೂ ಹಿಂದಿನ ಆಸನದವರೂ ಬೆಲ್ಟನ್ನು ಕಟ್ಟಿಕೊಳ್ಳಲಿ. ನಮ್ಮ ಮೊಮ್ಮಗನಿಗೆ ಈಗ ಬೇರೆಯೇ ಪುಟ್ಟ ಆಸನವಿದೆ. ಅದರಲ್ಲಿ ಕೂರಲು ಅವನು ದಿನವೂ ತಕರಾರು ಮಾಡುವನು, ಅವನ ತಾಯಿ ದಿನವೂ ಗೆಲ್ಲುವಳು.