ಭಾನುವಾರದ ಆಟ, ಬಾಗಿಲಿಗೆ ಬಂದ ಸಮೀಕ್ಷೆ

ಒಂದು ವಿಷಯ ಹೇಳ್ಕೋಬೇಕು. ಅವನನ್ನ ಕೇಳಿಯೇ ಬರೀತಿದೀನಿ. ಹೆಸರು ಮಾತ್ರ ಬೇಡ ಅಂದಿದಾನೆ.

ಗೊಟ್ಟಿಗೆರೆಯಲ್ಲಿ ನಾವು ಐದು ಜನ ಭಾನುವಾರ ಸಂಜೆ ಇಸ್ಪೀಟು ಆಡ್ತೀವಿ. ದುಡ್ಡು ಕಟ್ಟಿ ಅಲ್ಲ, ಟೀ-ಬೋಂಡಾಗೆ. ಮೊದಲು ಲೀಸ್ಟ್ ಕೌಂಟ್ ಆಡ್ತಿದ್ವಿ, ಹಾಸ್ಟೆಲಲ್ಲಿ ಇದ್ದೋರಿಗೆಲ್ಲ ಗೊತ್ತಿರೋದೇ. ಈಗ ಕಾಬೋ ಹುಚ್ಚು. ಡಬ್ಬಿ ಕೊಂಡಿಲ್ಲ, ಮಾಮೂಲಿ ಕಟ್ಟಲ್ಲೇ ಆಡ್ತೀವಿ. ಒಬ್ಬೊಬ್ಬರ ಮುಂದೆ ನಾಲ್ಕು ಎಲೆ ಬೋರಲು. ಶುರುವಿಗೆ ಎರಡನ್ನ ಮಾತ್ರ ನೋಡ್ಕೋಬಹುದು, ಆಮೇಲೆ ನೆನಪೇ ಗತಿ. ಏಳು, ಎಂಟು ಎತ್ತಿದ್ರೆ ನಿಮ್ಮದೊಂದು ಎಲೆ ನೋಡಬಹುದು. ಒಂಬತ್ತು, ಹತ್ತು ಬಂದ್ರೆ ಪಕ್ಕದವರದು. ಕಡಿಮೆ ಮೊತ್ತ ಇದ್ದೋರು ಗೆದ್ದಂಗೆ. ನಂದೇ ಕಡಿಮೆ ಅನಿಸಿದಾಗ 'ಕಾಬೋ' ಅನ್ಬೇಕು. ಲೆಕ್ಕ ತಪ್ಪಿದ್ರೆ 10 ದಂಡ. ರಾಜ ಕೈಗೆ ಬಂದ್ರೆ ಹೊರೆ, ಬೇಗ ಎಸೀಬೇಕು. ಈ ಆಟ ನಂಗ್ಯಾಕೆ ಇಷ್ಟ ಅಂತ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ.

ಅವನು ನಮ್ಮಲ್ಲೆಲ್ಲ ಚೆನ್ನಾಗಿ ಆಡ್ತಾನೆ. ಎದುರಿಗೆ ಎರಡು ರಾಜ ಇಟ್ಕೊಂಡು ಎಕ್ಕ ಸಿಕ್ಕೋನ ಥರ ಬೋಂಡಾ ತಿಂತಿರ್ತಾನೆ. ಮುಖದಲ್ಲಿ ಏನೂ ಗೊತ್ತಾಗಲ್ಲ. "ಎಲ್ಲಿ ಕಲಿತ್ಯೋ?" ಅಂತ ಎಲ್ರೂ ಕೇಳ್ತಾರೆ. ನಾನು ಕೇಳಿಲ್ಲ. ಎರಡು ವರ್ಷದ ಹಿಂದೆ ಬನ್ನೇರುಘಟ್ಟ ರಸ್ತೆಯ ಬಸ್ ಸ್ಟಾಪಲ್ಲಿ, "ಅಕ್ಕಾ, ನಾನೂ ನಮ್ಮೋನೇ. ಅಲ್ಲಿ ಹೇಳ್ಬೇಡಿ" ಅಂದಿದ್ದ.

2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಾದ ಮೇಲೆ ಒಳಮೀಸಲಾತಿಗೆ ಅಂಕಿಅಂಶ ಬೇಕಾಯ್ತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ 2025ರ ಮೇ 5ಕ್ಕೆ ಶುರುವಾಯ್ತು. ಪಟ್ಟಿಯಲ್ಲಿರೋ 101 ಜಾತಿಗಳಲ್ಲಿ ಯಾರು ಎಷ್ಟಿದೀವಿ ಅನ್ನೋ ಲೆಕ್ಕ. ಬರೀ ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿ ಸುಮ್ಮನಾಗಬೇಡಿ, ಮೂಲಜಾತಿ ಹೇಳಿ, ಅಂಜಬೇಡಿ ಅಂತ ಇದೇ ಗೋಡೆ ಮೇಲೆ ನಾನು ಎಷ್ಟು ಸಲ ಬರೆದೆ. ನೀವೇ ಶೇರ್ ಮಾಡಿದೀರಿ.

ಆ ಭಾನುವಾರ ಆಟ ಅವನ ಮನೇಲಿ. ಮೊದಲನೇ ಮಹಡಿ, ಬಾಡಿಗೆ ಮನೆ. ಗಣತಿಗೆ ಬಂದ ಮೇಡಂ ಮೆಟ್ಟಿಲು ಹತ್ತಿ ಬಂದ್ರು, ದಾರಿ ತೋರಿಸೋಕೆ ಹಿಂದೆಯೇ ಮನೆ ಓನರ್. ಮೇಡಂ ಬಿಸಿಲಲ್ಲಿ ಸುತ್ತಿ ಸುಸ್ತಾಗಿದ್ರು, ಅವರದೇನೂ ತಪ್ಪಿಲ್ಲ. ಬಾಗಿಲಲ್ಲೇ ನಿಂತು ಕೇಳಿದ್ರು: "ನೀವು ಎಸ್ಸಿ ಬರ್ತೀರಾ ಸಾರ್?"

ಓನರ್ ಗೋಡೆಗೆ ಒರಗಿ ನಿಂತ್ರು. ಆಡೋಕೆ ಬಂದಿದ್ದ ಮೂವರೂ ತಲೆ ಎತ್ತಿದ್ರು.

"ಇಲ್ಲ ಮೇಡಂ" ಅಂದ. ಅದೇ ಮುಖ, ಎರಡು ರಾಜ ಇಟ್ಕೊಂಡಾಗಿನ ಮುಖ. ಓನರ್ ನಕ್ಕು, "ನಾನು ಹೇಳ್ಲಿಲ್ವಾ ಮೇಡಂ, ನಮ್ ಬಿಲ್ಡಿಂಗಲ್ಲಿ ಆ ಥರದೋರು ಯಾರೂ ಇಲ್ಲ" ಅಂದ್ರು.

ಆ ಮಾತಿಗೆ ನಾನು ಎದ್ದು ನಿಲ್ಲಬೇಕಿತ್ತು. ಅಂಬೇಡ್ಕರ್ ಜಯಂತಿಯಲ್ಲಿ ಮೈಕ್ ಹಿಡಿದ್ರೆ ಬಿಡದೋಳು ನಾನು. ಕೈಯಲ್ಲಿದ್ದ ಎಲೆ ನೋಡ್ತಾ ಕೂತೆ. ನಾನು ಬಾಯಿ ಬಿಟ್ರೆ ಅವನ ಎಲೆಯೂ ತಿರುಗುತ್ತೆ ಅಂತ ಆಮೇಲೆ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಅರ್ಧ ನಿಜ. ಇನ್ನರ್ಧ, ಆ ಮೂವರ ಮುಂದೆ ಸಂಜೆ ಕೆಡೋದು ನಂಗೂ ಬೇಡವಾಗಿತ್ತು.

ರಾತ್ರಿ ಗೇಟಿನ ತನಕ ಬಂದ. ನಾನು ಬೈದೆ. ನಮ್ಮ ಸಂಖ್ಯೆ, ಮಕ್ಕಳ ಪಾಲು, ಎಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಂದ: "ನಿಮ್ದು ಸ್ವಂತ ಮನೆ ಅಕ್ಕಾ. ನಂದು ಹನ್ನೊಂದು ತಿಂಗಳ ಅಗ್ರಿಮೆಂಟು. ಇದು ಮೂರನೇ ಮನೆ. ಹಿಂದಿನ ಎರಡರಲ್ಲಿ ನಿಜ ಹೇಳಿದ್ದೆ."

ಅಂಜಬೇಡಿ ಅಂತ ಬರೆಯುವಾಗ ನಾನು ಅಡ್ವಾನ್ಸ್, ಅಗ್ರಿಮೆಂಟು ಇದ್ಯಾವುದನ್ನೂ ಲೆಕ್ಕಕ್ಕೆ ಇಟ್ಕೊಂಡಿರಲಿಲ್ಲ. ಆಟದಲ್ಲಿ ತಪ್ಪಿ ಎಲೆ ತೆರೆದ್ರೆ ಎಲ್ರಿಗೂ ಅದೇ 10. ಅವನಿಗೆ ಮನೆ.

ಮನೆಬಾಗಿಲಲ್ಲದೆ ಆನ್‌ಲೈನಲ್ಲೂ ಶಿಬಿರದಲ್ಲೂ ಬರೆಸೋ ಅವಕಾಶ ಇತ್ತು. ನಾನು ಅದನ್ನ ಒಂದೇ ಒಂದು ಪೋಸ್ಟಲ್ಲಿ, ಕೊನೇ ಸಾಲಲ್ಲಿ ಹಾಕಿದ್ದೆ. ಮಾರನೇ ವಾರ ನಮ್ಮನೇಲಿ ಕೂತು, ಅವನ ಫೋನಲ್ಲೇ ತುಂಬಿದ್ವಿ. ಮೂಲಜಾತಿ ಕಾಲಂ ಬಂದಾಗ ಫೋನನ್ನ ಸ್ವಲ್ಪ ಆಕಡೆ ತಿರುಗಿಸಿಕೊಂಡ, ಅಭ್ಯಾಸಬಲ. ಆಮೇಲೆ ತಾನೇ ನಕ್ಕು ನನ್ನ ಕಡೆ ತಿರುಗಿಸಿದ.

ಆವತ್ತಿಂದ ಆಟ ನಮ್ಮನೇಲೇ. ಆ ಮೂವರೂ ಬರ್ತಾರೆ. ಅವರಿಗಿನ್ನೂ ಗೊತ್ತಿಲ್ಲ, ಇದನ್ನ ಓದಿದ್ರೆ ಗೊತ್ತಾಗಬಹುದು. "ಓದ್ಲಿ ಬಿಡಿ ಅಕ್ಕಾ" ಅಂದಿದಾನೆ.