ತ್ರಿಶಂಕುವಿನ ನಕ್ಷತ್ರಗಳು

ಮದರಾಸಿನ ಕನ್ನಡಿಗರಾದ ನಮ್ಮ ಬಾಯಲ್ಲಿ ‘ತ್ರಿಶಂಕು ಸ್ಥಿತಿ’ ಎಂಬ ಮಾತು ಬಹಳ ಸಲೀಸು. ಊರಿಗೆ ಹೋದರೆ ‘ಮದರಾಸಿನವರು ಬಂದರು’ ಎನ್ನುತ್ತಾರೆ. ಇಲ್ಲಿ ಮೂವತ್ತು ವರ್ಷ ಬಾಡಿಗೆ ತೆತ್ತ ಮೇಲೂ ನಾವು ‘ಕನ್ನಡಕ್ಕಾರರು’. ಆದರೆ ಆ ಮಹಾರಾಯನ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ.

ಬಾಲಕಾಂಡದಲ್ಲಿ ಕಥೆ ಹೀಗಿದೆ. ನಮ್ಮ ರಾಘವಾಂಕ ಹಾಡಿದ ಹರಿಶ್ಚಂದ್ರನ ತಂದೆಯೇ ಈ ತ್ರಿಶಂಕು. ದೇಹಸಮೇತ ಸ್ವರ್ಗಕ್ಕೆ ಹೋಗುವ ಆಸೆ ಅವನಿಗೆ. ವಸಿಷ್ಠರು ಒಲ್ಲೆನೆಂದರು, ಅವರ ಮಕ್ಕಳು ಶಪಿಸಿದರು. ವಿಶ್ವಾಮಿತ್ರರು ತಪೋಬಲದಿಂದ ಮೇಲಕ್ಕೇರಿಸಿದರೆ ಇಂದ್ರ ತಲೆಕೆಳಗಾಗಿ ಕೆಡವಿದ. ‘ನಿಲ್ಲು’ ಎಂದು ಅವನನ್ನು ನಡುವಿನಲ್ಲೇ ತಡೆದ ವಿಶ್ವಾಮಿತ್ರರು, ಕೋಪದಲ್ಲಿ ದಕ್ಷಿಣ ದಿಕ್ಕಿಗೆ ಬೇರೆ ಸಪ್ತರ್ಷಿಗಳನ್ನೂ ಬೇರೆ ನಕ್ಷತ್ರಮಾಲೆಯನ್ನೂ ಸೃಷ್ಟಿಸಿ, ಹೊಸ ಇಂದ್ರನನ್ನೂ ಮಾಡುವೆನೆಂದು ಹೊರಟರು. ದೇವತೆಗಳು ಬೆದರಿ ರಾಜಿಗೆ ಬಂದರು: ಆ ನಕ್ಷತ್ರಗಳು ವೈಶ್ವಾನರ ಪಥದ ಹೊರಗೆ ಇರಲಿ, ತ್ರಿಶಂಕು ಅವುಗಳ ನಡುವೆ ತಲೆಕೆಳಗಾಗಿಯೇ ಬೆಳಗಲಿ.

ನ್ಯೂಟನ್ನನ ಲೆಕ್ಕ ಇದಕ್ಕೆ ಒಗ್ಗುವುದಿಲ್ಲ. ಆಕಾಶದಲ್ಲಿ ಸುಮ್ಮನೆ ತೂಗಾಡುವ ವಸ್ತುವೇ ಇಲ್ಲ. ನಮ್ಮ ಟೀವಿಯ ಇನ್ಸಾಟ್ ಉಪಗ್ರಹ ತಲೆಯ ಮೇಲೆ ನಿಂತಂತೆ ಕಂಡರೂ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಮೂರು ಕಿಲೋಮೀಟರಿನಂತೆ ಓಡುತ್ತಲೇ ಇರುತ್ತದೆ. ಆದರೆ ಸೂರ್ಯನಿಗೂ ಭೂಮಿಗೂ ನಡುವೆ, ನಮ್ಮಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಒಂದು ಜಾಗವುಂಟು. ಅಲ್ಲಿ ಇಬ್ಬರ ಸೆಳೆತವೂ ಹದವಾಗಿ ಬೆರೆತು, ಭೂಮಿಯ ಜೊತೆಜೊತೆಗೇ ವರ್ಷಕ್ಕೊಂದು ಸುತ್ತು ಬರಬಹುದು. 2023ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1 ಮರುವರ್ಷದ ಜನವರಿಯಲ್ಲಿ ಆ ಜಾಗ ಸೇರಿತು. ಅದರ ಮುಖ್ಯ ದೂರದರ್ಶಕವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಸಂಸ್ಥೆಯ ಮೂಲ 1792ರಲ್ಲಿ ನುಂಗಂಬಾಕದಲ್ಲಿ ಕಟ್ಟಿದ ಮದರಾಸು ವೀಕ್ಷಣಾಲಯ! ಕೆಲಸ 1899ರಲ್ಲಿ ಕೊಡೈಕಾನಲ್ಲಿಗೆ ಹೋಗಿ, ಆಮೇಲೆ ಬೆಂಗಳೂರು ಸೇರಿತು. ನಾವು ಅಲ್ಲಿಂದ ಇಲ್ಲಿಗೆ ಬಂದರೆ, ನಕ್ಷತ್ರ ನೋಡುವವರು ಇಲ್ಲಿಂದ ಅಲ್ಲಿಗೆ.

ನಮಗೆ ಈ ಊರಿನ ಬಾಗಿಲೆಂದರೆ ಪ್ಯಾರೀಸ್ ಕಾರ್ನರ್. 2002ರವರೆಗೆ, ಪರಸ್ಥಳದ ಬಸ್ಸುಗಳು ಕೋಯಂಬೇಡಿಗೆ ಹೋಗುವ ತನಕ, ಬೆಂಗಳೂರಿನ ಬಸ್ಸಿನಿಂದ ಟ್ರಂಕು, ಹಲಸಿನ ಹಪ್ಪಳದ ಡಬ್ಬಿ ಸಮೇತ ಇಳಿಯುತ್ತಿದ್ದುದು ಇಲ್ಲಿಯೇ. 1788ರಲ್ಲಿ ವ್ಯಾಪಾರ ಹೂಡಿದ ಥಾಮಸ್ ಪ್ಯಾರಿಯೂ ವೇಲ್ಸಿನಿಂದ ಬಂದವನೇ. ಮೂಲೆಗೆ ಅವನ ಹೆಸರೇ ನಿಂತಿತು. ಹತ್ತಿರದ ಬರ್ಮಾ ಬಜಾರಿನಲ್ಲಿ ಅಂಗಡಿ ಹಾಕಿದವರು 1960ರ ದಶಕದಲ್ಲಿ ರಂಗೂನು ಬಿಟ್ಟು ಬಂದವರು. ಹೈಕೋರ್ಟಿನ ಗುಮ್ಮಟವೇ 1894ರಿಂದ ಹಡಗುಗಳಿಗೆ ದೀಪಸ್ತಂಭವಾಗಿತ್ತು. 1977ರಲ್ಲಿ ಆ ದೀಪವೂ ಮರೀನಾಕ್ಕೆ ವಲಸೆ ಹೋಯಿತು.

ತ್ರಿಶಂಕುವೆಂದು ಈಗ ಗುರುತಿಸುವ ನಾಲ್ಕು ನಕ್ಷತ್ರಗಳು ಪ್ಯಾರೀಸ್ ಕಾರ್ನರಿನ ಕಟ್ಟಡಗಳ ಸಂದಿಯಲ್ಲಿ ಕಾಣುವುದಿಲ್ಲ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತಕ್ಕೆ ಸಮುದ್ರತೀರಕ್ಕೆ ಹೋಗಿ ನೇರ ದಕ್ಷಿಣಕ್ಕೆ ನೋಡಬೇಕು. ದಿಗಂತದಿಂದ ತುಸು ಎತ್ತರದಲ್ಲಿ ಶಿಲುಬೆಯಂತೆ ನಿಂತಿರುತ್ತವೆ. ಅತ್ಯಂತ ಪ್ರಕಾಶದ ನಕ್ಷತ್ರ ಕೆಳತುದಿಯಲ್ಲಿದೆ. ಅದೇ ತಲೆ ಎಂದುಕೊಂಡರೆ ವಾಲ್ಮೀಕಿಗಳ ಮಾತು ಸರಿಯೇ. ದೆಹಲಿಯ ನಮ್ಮ ಬಂಧುಗಳಿಗೆ ಆ ತಲೆ ಕಾಣುವುದೇ ಇಲ್ಲ. ಇನ್ನೊಂದು ವಿಚಿತ್ರ: ಮೇಲ್ತುದಿಯದು 88 ಜ್ಯೋತಿರ್ವರ್ಷ ದೂರ, ಕೆಳಗಿನದು 300ಕ್ಕೂ ಹೆಚ್ಚು. ಅವು ನೆರೆಹೊರೆಯವೇ ಅಲ್ಲ. ನಾವು ನಿಂತ ಜಾಗದಿಂದ ಒಂದೇ ಮನೆಯವಂತೆ ಕಾಣುತ್ತವೆ, ಅಷ್ಟೇ.

ಈ ವರ್ಷ ಊರಿನಿಂದ ದಾಯಾದಿಗಳ ಕಾಗದ ಬಂದಿತ್ತು: ಹಳೆಯ ಮನೆಯಲ್ಲಿ ನಿಮ್ಮ ಪಾಲು ಬಿಟ್ಟುಕೊಡುತ್ತೀರೋ, ಬಂದು ಇರುತ್ತೀರೋ ಎಂದು. ನಮ್ಮಲ್ಲಿ ಎರಡು ವಾರ ಚರ್ಚೆಯಾಯಿತು. ಮಕ್ಕಳಿಗೆ ಇಲ್ಲಿಯ ಶಾಲೆ, ಅಜ್ಜಿಗೆ ಅಲ್ಲಿಯ ತುಳಸಿಕಟ್ಟೆ. ಕೊನೆಗೆ ‘ಎರಡೂ ಇಲ್ಲ, ರಸ್ತೆ ಕಡೆಯ ಕೋಣೆಯೊಂದು ನಮಗಿರಲಿ, ಅದರ ಹೆಂಚಿನ ಖರ್ಚು ನಾವೇ ಕೊಡುತ್ತೇವೆ’ ಎಂದು ಬರೆದೆವು. ಒಪ್ಪಿಗೆ ಬಂದಿದೆ. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಬೇಕು.