ತುಕ್ಕು ಹಿಡಿದ ಡಿಸ್ಕು, ಅಪ್ಪಯ್ಯನ ತಿರ್ಪು

ಸುತ್ತಿಗೆಯಲ್ಲಿ ಹೊಡೆದೂ ಹೊಡೆದೂ ಕೈ ನಡುಗುವ ಹೊತ್ತಿಗೆ ಅಮ್ಮ ಒಳಗಿನಿಂದ, "ಗಂಜಿ ಉಂಬುಕ್ ಬನ್ನಿ, ಕಬ್ಬಿಣ ಎಲ್ಲಿಗೂ ಓಡಿ ಹೋತಿಲ್ಲೆ" ಅಂದರು. ಓಡುವುದಿರಲಿ, ಅದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನಾವು ಅಂದರೆ ಒಂದೇ ಬೆಂಚಿನಲ್ಲಿ ಕೂತು ಪತ್ರಿಕೋದ್ಯಮ ಓದಿದ ಇಬ್ಬರು. ಕಾರು ನಮ್ಮಲ್ಲೊಬ್ಬನ ಅಪ್ಪಯ್ಯನದ್ದು. ಇನ್ನೊಬ್ಬ ಹಾಸ್ಟೆಲ್ ಊಟ ಸೇರದೆ ವಾರಕ್ಕೊಮ್ಮೆ ಈ ಮನೆಗೆ ಬಂದು ಉಂಡವನು, ಹಾಗಾಗಿ ಅವನಿಗೂ ಅವರು ಅಪ್ಪಯ್ಯನೇ. ಜೀವನವಿಡೀ ಲೈನ್ ಬಸ್ ಓಡಿಸಿ, ನಿವೃತ್ತಿಯಾದ ಮೇಲೆ ಆಸೆಪಟ್ಟು ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಅದು. ತೆಗೆದುಕೊಂಡು ವರ್ಷ ತುಂಬುವುದರೊಳಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಬೇಕಾದ ಶಬ್ದ ಬೇಕಾದಾಗ ಬರುವುದಿಲ್ಲ. ಕಾರು ಮಡಲಿನ ಚಪ್ಪರದ ಕೆಳಗೆ ಎರಡು ಮಳೆಗಾಲ ನಿಂತಿತು.

ಮನೆ ಇರುವುದು ಮರವಂತೆಯ ಹತ್ತಿರ. ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಅಂತ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದೇ ಊರು. ಫೋಟೋದಲ್ಲಿ ಉಪ್ಪುಗಾಳಿ ಕಾಣುವುದಿಲ್ಲ. ಇಲ್ಲಿ ಕಿಟಕಿಯ ಸರಳು, ಸೈಕಲ್ಲಿನ ಚೈನು, ಬಾವಿಯ ರಾಟೆ ಎಲ್ಲದಕ್ಕೂ ಬೇರೆ ಊರಿಗಿಂತ ಆಯಸ್ಸು ಕಡಿಮೆ. ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಒಣಗುವುದೇ ಇಲ್ಲ. ಬ್ರೇಕ್ ಡಿಸ್ಕು ಎರಕದ ಕಬ್ಬಿಣ. ಪ್ಯಾಡ್ ತಿಕ್ಕುವ ಮೈಗೆ ಬಣ್ಣ ಬಳಿಯುವ ಹಾಗೂ ಇಲ್ಲ. ದಿನಾ ಓಡುವ ಕಾರಿನಲ್ಲಿ ರಾತ್ರಿ ಕೂತ ತುಕ್ಕನ್ನು ಬೆಳಿಗ್ಗೆಯ ನಾಲ್ಕು ಬ್ರೇಕು ತಿಕ್ಕಿ ತೆಗೆಯುತ್ತದೆ. ನಿಂತ ಕಾರಿನಲ್ಲಿ ತೆಗೆಯುವವರು ಯಾರು? ನಾವು ಗಾಲಿ ಬಿಚ್ಚಿದಾಗ ಡಿಸ್ಕಿನ ಅಂಚಿನಿಂದ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು. ಪ್ಯಾಡ್ ಕೂತಿದ್ದ ಜಾಗದ ಅಚ್ಚು ಡಿಸ್ಕಿನ ಮೇಲೆ ಹಾಗೇ ಮೂಡಿತ್ತು.

ಹೆದ್ದಾರಿಯ ಗ್ಯಾರೇಜಿನವರು ಬಗ್ಗಿ ನೋಡಿ, "ಇದ್ ಬತ್ತಿಲ್ಲೆ ಮಾರಾಯ್ರೆ, ಹಬ್ ಸಮೇತ ಬದ್ಲ್ ಮಾಡ್ಕ್" ಅಂದಿದ್ದರು. ಹೇಳಿದ ಮೊತ್ತ ನಮ್ಮಿಬ್ಬರ ಆ ತಿಂಗಳ ಗೌರವಧನ ಸೇರಿಸಿದರೂ ಆಗುತ್ತಿರಲಿಲ್ಲ. (ಬಿಡಿ ಸುದ್ದಿಗಾರರ ಗೌರವಧನದ ಬಗ್ಗೆ ಓದುಗರಲ್ಲಿ ಅರ್ಧ ಜನರಿಗೆ ನಾವು ಹೇಳಬೇಕಾಗಿಲ್ಲ.) ಇತ್ತ ಅಪ್ಪಯ್ಯನನ್ನು ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಉಡುಪಿಗೆ ಕರೆದುಕೊಂಡು ಹೋಗಬೇಕು. ಹೋಗಲಿಕ್ಕೇ 50 ಕಿಲೋಮೀಟರಿಗೂ ಹೆಚ್ಚು. ಬಾಡಿಗೆ ಕಾರಿಗೆ ಕೊಟ್ಟೂ ಕೊಟ್ಟೂ ವಾರಕ್ಕೆರಡು ಸಲ ಇದ್ದದ್ದು ಒಂದಾಯಿತು, ಮಳೆಗಾಲದಲ್ಲಿ ಅದೂ ತಪ್ಪಿತು. ಅವರು ಬಸ್ಸು ಹತ್ತುವ ಸ್ಥಿತಿಯಲ್ಲಿಲ್ಲ. ನಲವತ್ತು ವರ್ಷ ಊರವರನ್ನೆಲ್ಲ ಬಸ್ಸಿಗೆ ಹತ್ತಿಸಿ ಇಳಿಸಿದ ಮನುಷ್ಯ.

ಹಾಗಾಗಿ ಹೊಸ ಡಿಸ್ಕು, ಪ್ಯಾಡು ಮಾತ್ರ ಕುಂದಾಪುರದಿಂದ ತಂದು, ಹಳೆಯದನ್ನು ನಾವೇ ಬಿಚ್ಚುವುದು ಅಂತ ಹೊರಟೆವು. ಅಪ್ಪಯ್ಯನನ್ನು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಹೊತ್ತು ಹೋಗಲಿ ಅಂತ. ಅವರಿಂದ ಕಲಿಯುವ ಉದ್ದೇಶ ಇತ್ತು ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ.

ಮೊದಲ ಬೈಗುಳ ಜ್ಯಾಕ್ ಹಾಕಿದ ಐದೇ ನಿಮಿಷಕ್ಕೆ ಬಿತ್ತು. ಕಾರಿನಡಿ ಆಧಾರಕ್ಕೆ ಕೈಗೆ ಸಿಕ್ಕ ಮುರಕಲ್ಲು ಇಟ್ಟಿದ್ದೆವು. ಅಪ್ಪಯ್ಯ ಎಡಗೈಯಲ್ಲಿ ಊರುಗೋಲು ಎತ್ತಿ ಅದನ್ನು ತೋರಿಸಿ ಗಂಟಲು ಹರಿಯುವಂತೆ ಕೂಗಿದರು. ನಿಜವೇ. ಮುರಕಲ್ಲು ಗೋಡೆಗೆ ಗಟ್ಟಿ. ಆದರೆ ಕಾರಿನ ಭಾರ ಒಂದೇ ಬಿಂದುವಿನಲ್ಲಿ ಬಿದ್ದರೆ ಪುಡಿಯಾಗಿ ಕುಸಿಯುತ್ತದೆ. ಜ್ಯಾಕೊಂದನ್ನೇ ನಂಬಿ ಕೆಳಗೆ ಕೈ ಹಾಕುವುದಂತೂ ಹುಚ್ಚು. ಕಲ್ಲು ತೆಗೆದು, ದಪ್ಪ ಮರದ ದಿಮ್ಮಿ ಇಟ್ಟು, ಅದರ ಪಕ್ಕ ಸ್ಟೆಪ್ನಿಯನ್ನೂ ಮಲಗಿಸಿದೆವು. ಹಿಂದಿನ ಗಾಲಿಗೆ ಅಪ್ಪಯ್ಯನೇ ಎರಡು ವರ್ಷದ ಹಿಂದೆ ಇಟ್ಟ ಕಲ್ಲು ಇನ್ನೂ ಇತ್ತು. ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಎಳೆದಿಟ್ಟಿದ್ದರೆ ಹಿಂದಿನ ಡ್ರಮ್ಮಿಗೂ ಶೂ ಅಂಟಿಕೊಂಡು ನಮ್ಮ ಕೆಲಸ ಎರಡರಷ್ಟಾಗುತ್ತಿತ್ತು.

ಕ್ಯಾಲಿಪರ್ ಬಿಚ್ಚುವುದು ಅಷ್ಟು ಕಷ್ಟವಾಗಲಿಲ್ಲ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆವು. ರಿಂಗ್ ಸ್ಪ್ಯಾನರಿಗೆ ಪಂಪ್‌ಸೆಟ್ಟಿನ ಹಳೇ ಪೈಪು ಸಿಕ್ಕಿಸಿ ಎಳೆದಾಗ ಬ್ರಾಕೆಟ್ಟಿನ ಬೋಲ್ಟು ಕಿರ್ರ್ ಎಂದು ಬಿಟ್ಟಿತು. ಇಂಥ ಕಡೆ ಬಾಯಿ ತೆರೆದ ಸ್ಪ್ಯಾನರ್ ಬೇಡವೇ ಬೇಡ, ತಲೆಯ ಮೂಲೆ ಸವೆದು ಉರುಟಾದರೆ ಮುಗಿಯಿತು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನ ಮೇಲೆ ಜೋತುಬಿಡದೆ ಸ್ಪ್ರಿಂಗಿಗೆ ತಂತಿ ಕಟ್ಟಿ ತೂಗುಹಾಕಿದೆವು.

ಇನ್ನು ಡಿಸ್ಕು. ಅದನ್ನು ಹಿಡಿದಿಡುವುದು ಗಾಲಿಯ ನಟ್ಟುಗಳು. ಅವು ಹೋದ ಮೇಲೆ ತಟ್ಟೆ ಎತ್ತಿದ ಹಾಗೆ ಕೈಗೆ ಬರಬೇಕು. ಆದರೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಬ್ಬಿನ ಮೈಗೂ ಡಿಸ್ಕಿನ ಮೈಗೂ ನಡುವೆ, ಮಧ್ಯದ ಉರುಟು ತೂತಿನ ಸುತ್ತ ಅದು ಉಬ್ಬಿ ಎರಡನ್ನೂ ಒಂದು ಮಾಡಿಬಿಟ್ಟಿತ್ತು. ನಾವು ಎಣ್ಣೆ ಹಾಕಿದೆವು, ಹಿಂದಿನಿಂದ ಹೊಡೆದೆವು, ತಿರುಗಿಸಿ ಹೊಡೆದೆವು, ಮರದ ತುಂಡು ಇಟ್ಟು ಹೊಡೆದೆವು. ಪ್ರತಿ ಪೆಟ್ಟೂ ಒಳಗಿನ ಬೇರಿಂಗಿಗೆ ಹೋಗುತ್ತದೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದೂ ಹೊಡೆದೆವು.

ಆಗಲೇ ಅಪ್ಪಯ್ಯ ಶುರುಮಾಡಿದ್ದು. "ತಿರ್ಪ್... ತಿರ್ಪ್..."

ಸ್ಟೇರಿಂಗ್ ತಿರುಗಿಸಲು ಹೇಳುತ್ತಿದ್ದಾರೆ ಅಂದುಕೊಂಡೆವು. ತಿರುಗಿಸಿದೆವು. ಹಿಂದಿನಿಂದ ಹೊಡೆಯಲು ಸ್ವಲ್ಪ ಜಾಗ ಸಿಕ್ಕಿತು, ಇನ್ನಷ್ಟು ಹೊಡೆದೆವು. "ತಿರ್ಪ್!" ಅಂತ ಇನ್ನೂ ಜೋರು. ಬಿಸಿಲು ಮುಖಕ್ಕೆ ಬರುತ್ತಿದೆಯೇನೋ ಅಂತ ಇಬ್ಬರೂ ಸೇರಿ ಅವರನ್ನು ಕುರ್ಚಿ ಸಮೇತ ಎತ್ತಿ ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದೆವು! ಆ ಕ್ಷಣದ ಅವರ ಮುಖ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಿಟ್ಟಲ್ಲ, ಕಣ್ಣಲ್ಲಿ ನೀರು. ಊರೂರು ಅಲೆದು ಜನರ ಮಾತು ಕೇಳಿ ಬರೆಯುವುದೇ ಕಸುಬು ಅಂತ ಹೇಳಿಕೊಂಡು ತಿರುಗುವ ಇಬ್ಬರು, ಮನೆಯ ಅಂಗಳದಲ್ಲಿ ಒಂದು ಶಬ್ದ ಕೇಳಿಸಿಕೊಳ್ಳಲಾರದೆ ಹೋಗಿದ್ದೆವು.

ಅಮ್ಮನೇ ಬಂದು ಕುರ್ಚಿಯನ್ನು ಕಾರಿನ ಹತ್ತಿರಕ್ಕೆ ಎಳೆಸಿದರು. ಅಪ್ಪಯ್ಯ ಊರುಗೋಲು ಚಾಚಿ, ಎಡಗೈ ನಡುಗಿಸುತ್ತಾ, ಅದರ ತುದಿಯನ್ನು ಡಿಸ್ಕಿನ ಮುಖದ ಮೇಲೆ ಒಂದು ಕಡೆ ಇಟ್ಟರು. ಗಾಲಿಯ ಬೋಲ್ಟುಗಳ ನಡುವೆ ತುಕ್ಕಿನ ಒಂದು ಸಣ್ಣ ಗುಳಿ. ಆಮೇಲೆ ಎದುರಿನ ಮಗ್ಗುಲಲ್ಲಿ ಅಂಥದ್ದೇ ಇನ್ನೊಂದು. ಮೊಳೆಯಲ್ಲಿ ಕೆರೆದೆವು. ತುಕ್ಕು ಉದುರಿದ ಹಾಗೆ ಒಳಗೆ ಮರೆ ಕಂಡಿತು. ತಿರ್ಪು ಅಂದರೆ ತಿರುಪು. ಬೋಲ್ಟು ಹಾಕಿ ತಿರುಪಿ ಅಂತ ಅವರು ಅಷ್ಟು ಹೊತ್ತಿನಿಂದ ಹೇಳುತ್ತಿದ್ದರು.

ಡಿಸ್ಕಿನಲ್ಲಿ ಆ ಎರಡು ತೂತು ಇರುವುದೇ ಇದಕ್ಕಾಗಿ. 8 ಎಂಎಂ ಬೋಲ್ಟು ಎರಡನ್ನು ಹಾಕಿ ಬಿಗಿಸುತ್ತಾ ಹೋದರೆ ಅವುಗಳ ತುದಿ ಹಬ್ಬಿಗೆ ತಾಗಿ ಡಿಸ್ಕನ್ನೇ ಹೊರಗೆ ದೂಡುತ್ತವೆ. ಬೇರಿಂಗಿಗೆ ಒಂದು ಪೆಟ್ಟೂ ಇಲ್ಲ. ಮನೆಯ ಡಬ್ಬಿಯಲ್ಲಿದ್ದ ಬೋಲ್ಟು ಹಾಕಿದೆವು, ಮೆದು ಕಬ್ಬಿಣ, ಒಂದರ ಮರೆ ಸವೆದು ಹೋಯಿತು. ಬೈಕು ಹತ್ತಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಲೆಯ ಮೇಲೆ 8.8 ಅಂತ ಅಚ್ಚಿದ್ದ ಗಟ್ಟಿ ಬೋಲ್ಟು ನಾಲ್ಕು ತಂದೆವು. ತೂತಿನ ಮರೆಗೆ ಎಣ್ಣೆ ಬಿಟ್ಟು, ಬೋಲ್ಟನ್ನು ಮುಂದೆ ಹಿಂದೆ ಆಡಿಸಿ ಚೊಕ್ಕ ಮಾಡಿ, ಈ ಬದಿ ಕಾಲು ಸುತ್ತು, ಆ ಬದಿ ಕಾಲು ಸುತ್ತು. ಒಂದೇ ಬದಿ ಬಿಗಿದರೆ ಡಿಸ್ಕು ಓರೆಯಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಬಿಗಿಯಾದಲ್ಲಿ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಗಂಜಿ ಉಂಡು ಬಂದೆವು. ಬಂದು ಮತ್ತೆ ಕಾಲು ಸುತ್ತು.

"ಟಕ್" ಅಂತು. ಕಾಯಿ ಒಡೆದ ಹಾಗೆ. ಡಿಸ್ಕು ಕೈಗೆ ಬಂತು. ಅಪ್ಪಯ್ಯ ಏನೂ ಹೇಳಲಿಲ್ಲ. ಎಡಗೈಯಿಂದ ಮೀಸೆ ಒರೆಸಿಕೊಂಡರು.

ಇನ್ನೊಂದು ಬದಿಯದ್ದು 20 ನಿಮಿಷದಲ್ಲಿ ಬಂತು. ಆಮೇಲಿನದ್ದೇ ಹೆಚ್ಚು ಹೊತ್ತು ಹಿಡಿದ ಕೆಲಸ, ಅದನ್ನೂ ಅವರೇ ಬೆರಳು ತೋರಿಸಿ ಮಾಡಿಸಿದರು. ಹಬ್ಬಿನ ಮೈಯನ್ನು ತಂತಿ ಬ್ರಷ್ಷು, ಎಮೆರಿ ಕಾಗದದಲ್ಲಿ ಹೊಳೆಯುವವರೆಗೆ ತಿಕ್ಕಬೇಕು. ಒಂದು ಚೂರು ತುಕ್ಕು ಉಳಿದರೂ ಹೊಸ ಡಿಸ್ಕು ಓರೆ ಕೂತು ಬ್ರೇಕು ಒತ್ತಿದಾಗ ಪೆಡಲ್ ನಡುಗುತ್ತದೆ. ಹೊಸ ಡಿಸ್ಕಿಗೆ ತುಕ್ಕು ಬಾರದಂತೆ ಸವರಿದ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಹಬ್ಬಿಗೆ ತೆಳ್ಳಗೆ ತಾಮ್ರದ ಗ್ರೀಸು, ಆದರೆ ಪ್ಯಾಡ್ ತಾಗುವಲ್ಲಿಗೆ ಒಂದು ಹನಿಯೂ ಹೋಗಬಾರದು. ಪಿಸ್ಟನ್ ಒಳಗೆ ದೂಡುವಾಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿ ಬಣ್ಣ ತಿನ್ನದಂತೆ ನೋಡಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ನಮ್ಮಲ್ಲೊಬ್ಬ ಉತ್ಸಾಹದಲ್ಲಿ ಕಾರು ಸ್ಟಾರ್ಟ್ ಮಾಡಲು ಹೊರಟಾಗ ಊರುಗೋಲು ಮತ್ತೆ ಎದ್ದಿತು: ಮೊದಲು ಪೆಡಲ್ ಒತ್ತು. ಒತ್ತಿದರೆ ಪಾದ ನೆಲಕ್ಕೇ ಹೋಯಿತು! ಪ್ಯಾಡು ಡಿಸ್ಕಿಗೆ ತಾಗುವವರೆಗೆ ಹತ್ತಾರು ಸಲ ಒತ್ತಬೇಕಾಯಿತು. ಹಾಗೇ ಹೊರಟಿದ್ದರೆ ತೆಂಗಿನ ಮರಕ್ಕೆ ಹೋಗಿ ನಿಲ್ಲುತ್ತಿದ್ದೆವು.

ಹೆದ್ದಾರಿಗೆ ಇಳಿಸುವ ಮೊದಲು ಅದೇ ಗ್ಯಾರೇಜಿನವರಿಗೆ ತೋರಿಸಿ, ಬ್ರೇಕ್ ಆಯಿಲ್ ಬದಲಿಸಿಕೊಂಡೆವು. ಅವರು ಗಾಲಿ ತಿರುಗಿಸಿ, ಬೇರಿಂಗಿಗೆ ಕಿವಿಯಿಟ್ಟು, "ಯಾರ್ ಹೇಳಿ ಕೊಟ್ಟದ್?" ಅಂತ ಕೇಳಿದರು. ಮುಂದಿನ ಸೀಟಿನಲ್ಲಿ ಕೂತವರನ್ನು ತೋರಿಸಿದೆವು. ಅವರಿಗೆ ಅಪ್ಪಯ್ಯನ ಗುರುತು ಸಿಕ್ಕಿತು, ಶಾಲೆಗೆ ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲೇ ಅಂತೆ. ನೋಡಿದ ಕೂಲಿ ತೆಗೆದುಕೊಳ್ಳಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಉಡುಪಿಗೆ ಹೋಗುತ್ತೇವೆ. ನಮ್ಮಲ್ಲಿ ಯಾರಿಗೆ ವರದಿ ಇಲ್ಲವೋ ಅವರು ಡ್ರೈವರು. ಪ್ರತಿ ಸಲ ಗೇರು ಬದಲಿಸುವಾಗ ಪಕ್ಕದ ಸೀಟಿನಲ್ಲಿ ಅಪ್ಪಯ್ಯನ ಎಡಗಾಲು ಮ್ಯಾಟಿನ ಮೇಲೆ ಕ್ಲಚ್ ಒತ್ತುತ್ತದೆ, ನಮಗಿಂತ ಅರೆಗಳಿಗೆ ಮೊದಲೇ. ಹಳೇ ಡಿಸ್ಕು ಎರಡನ್ನೂ ಗುಜರಿಗೆ ಹಾಕಲು ಅಮ್ಮ ಬಿಡಲಿಲ್ಲ. ಕಟ್ಟಿಗೆ ರಾಶಿಗೆ ಹೊದಿಸಿದ ಟಾರ್ಪಾಲು ಗಾಳಿಗೆ ಹಾರದಂತೆ ಮೇಲೆ ಹೇರಿಟ್ಟಿದ್ದಾರೆ.